ತಪ್ಪಿನ ವಹಿ

ಕುಮುದಾ ಮೇಡಂ ಅವರ ಮನೆಯಲ್ಲಿ ಗಿರ್ಮಿಟ್ ತಿನ್ನಬೇಕೆಂದರೆ ಮೊದಲು ಒಂದು ತಪ್ಪು ಬರೆಯಬೇಕಿತ್ತು.

ಮೇಡಂ ಧಾರವಾಡದವರು, ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್. ಯಜಮಾನರು ರೈಲ್ವೆಯಲ್ಲಿ ಅಧಿಕಾರಿ, ಮನೆ ಮಲ್ಕಾಜ್‌ಗಿರಿಯಲ್ಲಿ. ಮೇಡಂ ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಐದು ಜನ ಕನ್ನಡದ ಹುಡುಗ ಹುಡುಗಿಯರು ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಸೇರುತ್ತಿದ್ದರು. ನಡುಮನೆಯ ಚಾಪೆಯ ಮೇಲೆ ನೀಲಿ ರಟ್ಟಿನ ಉದ್ದನೆಯ ನೋಟ್‌ಬುಕ್ ಒಂದು ಇರುತ್ತಿತ್ತು. ಧಾರವಾಡದ ಕಡೆ ಅದಕ್ಕೆ ವಹಿ ಎನ್ನುತ್ತಾರೆ. ಆ ವಾರ ತನ್ನ ಸಂಶೋಧನೆಯಲ್ಲಿ ತಾನು ಮಾಡಿದ ಒಂದು ತಪ್ಪನ್ನು ಪ್ರತಿಯೊಬ್ಬರೂ ಅದರಲ್ಲಿ ಬರೆದು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಯಾರೂ ನಗಬಾರದು. ಎಲ್ಲರೂ ಕೂಡಿ ದಾರಿ ಹುಡುಕಬೇಕು. ಕೊನೆಗೆ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಿಂದ ಪರಿಹಾರ ಬರೆದು, ಸಹಿ ಮಾಡಿ, ತಾರೀಖು ಹಾಕುತ್ತಿದ್ದರು. ಆಮೇಲೆ ಚುರುಮುರಿ ಕಲಸಿದ ಗಿರ್ಮಿಟ್, ಮೆಣಸಿನಕಾಯಿ ಬಜ್ಜಿ, ಚಹಾ.

ಮೊದಲ ಪುಟದಲ್ಲಿ ಮೇಡಂ ಅವರದೇ ತಪ್ಪಿತ್ತು. ತಾವು ವಿದ್ಯಾರ್ಥಿನಿಯಾಗಿದ್ದಾಗ ಒಂದು ಇಡೀ ಹಳ್ಳಿಯ ಸಮೀಕ್ಷೆಯನ್ನು ಗೌಡರ ಪಡಸಾಲೆಯಲ್ಲಿ ಕುಳಿತೇ ಬರೆದು ಮುಗಿಸಿದ್ದೆ ಎಂದು ಅವರು ಅಲ್ಲಿ ಒಪ್ಪಿಕೊಂಡಿದ್ದರು. ಓದು ಬಲ್ಲವರು ತಪ್ಪು ಮುಚ್ಚಿಡುವುದರಲ್ಲಿ ಕಣ್ಣುಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಜಾತಿ. ಅಂಥಾದ್ದರಲ್ಲಿ ಒಬ್ಬ ಪ್ರೊಫೆಸರಮ್ಮ ತಾನಾಗಿ ಹೀಗೆ ಬರೆದಿಟ್ಟರೆ ಯಾವ ಹುಡುಗರ ಮನಸ್ಸು ಕರಗುವುದಿಲ್ಲ ಹೇಳಿ.

"ವಹಿ ಈ ಮನಿ ಹೊಸ್ತಿಲಾ ದಾಟಂಗಿಲ್ಲ," ಎಂದು ಮೇಡಂ ಹೊಸಬರಿಗೆಲ್ಲ ಹೇಳುತ್ತಿದ್ದರು. "ಇಲ್ಲಿ ಆಡಿದ ಮಾತು ಇಲ್ಲೇ ಉಳೀತೈತಿ. ಹೊರಗ ಭಾಳ ಮಂದಿ ನಿಮ್ಮನ್ನ ಬೀಳ್ಸಾಕ ನಿಂತಿರ್ತಾರ. ಇಲ್ಲಿ ಹಿಡ್ಯಾಕ ನಾವದೀವಿ."

ಗದಿಗೆಮ್ಮ ಐವರಲ್ಲಿ ಕೊನೆಗೆ ಬಂದವಳು. ರಾಯಚೂರು ಜಿಲ್ಲೆ, ದೇವದುರ್ಗದ ಹತ್ತಿರದ ಹಳ್ಳಿ. ಅವಳು ಏಳನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಹುಸೇನಮ್ಮ ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದಳು. ಮಗಳು ರಾಯಚೂರು, ಗುಲ್ಬರ್ಗಾ ಎಂದು ಹಾಸ್ಟೆಲಿನಿಂದ ಹಾಸ್ಟೆಲಿಗೆ ಜಿಗಿಯುತ್ತ ಎಂ.ಎ. ಮುಗಿಸಿ, ಪಿಎಚ್‌.ಡಿ.ಗೆಂದು ಇದೇ ಊರಿಗೆ ಬಂದದ್ದು ಎರಡು ಸಾವಿರದನೇ ಇಸವಿಯಲ್ಲಿ. ಆಗ ಅವ್ವ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಯೊಂದರ ಗಾಜಿನ ಕಟ್ಟಡಕ್ಕೆ ಕಾಂಕ್ರೀಟು ಹೊರುತ್ತಿದ್ದಳು. ಊರ ಗುಂಪು ಅಷ್ಟರಲ್ಲಿ ಚದುರಿಹೋಗಿ, ಆ ಸೈಟಿನಲ್ಲಿ ಹುಸೇನಮ್ಮನ ಗುರುತಿನವರು ಯಾರೂ ಉಳಿದಿರಲಿಲ್ಲ. ಶೆಡ್ಡಿಗೆ ಬರಬೇಡ, ಮೇಸ್ತ್ರಿಯ ಕಣ್ಣು ಸರಿಯಿಲ್ಲ ಎಂದು ಅವ್ವನೇ ಹೇಳಿದ್ದರಿಂದ ತಾಯಿ ಮಗಳು ಭಾನುವಾರ ಬಸ್ ಸ್ಟಾಪಿನ ಹಿಂದಿನ ಬಂಡೆಯ ಮೇಲೆ ಕುಳಿತು ರೊಟ್ಟಿ ತಿಂದು ಬೇರೆಯಾಗುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಹಾಸ್ಟೆಲಿನವರು ಕೇಳಿದರೆ ಗದಿಗೆಮ್ಮ, ಪರಿಚಯದವರ ಮನೆಗೆ ಎನ್ನುತ್ತಿದ್ದಳು. ಅದು ನಾಚಿಕೆಯೇ, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಇಂಥವಳಿಗೆ ಕುಮುದಾ ಮೇಡಂ ಗೈಡ್ ಆಗಿ ಸಿಕ್ಕಿದ್ದು ದೇವರು ಕೊಟ್ಟ ವರವೆಂದೇ ಅವಳು ತಿಳಿದಿದ್ದಳು. ತಿಳಿಯುವಂತೆಯೂ ಇತ್ತು. ಅವಳ ಇಂಗ್ಲಿಷ್ ನೋಡಿ ಬೇರೆಯವರು ಮೂಗು ಮುರಿದಾಗ ಮೇಡಂ ಮೂರು ದಿನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ವಾಕ್ಯ ತಿದ್ದಿದರು. ಟೈಫಾಯಿಡ್ ಬಂದಾಗ ಹನ್ನೊಂದು ದಿನ ಗಂಜಿ ಮಾಡಿ ಕಳಿಸಿದರು. ಹಾಸ್ಟೆಲಿನ ಅವಧಿ ಮುಗಿಯಿತೆಂದು ವಾರ್ಡನ್ ಟ್ರಂಕು ಹೊರಗಿಟ್ಟಾಗ ಸ್ವತಃ ಬಂದು ಜಗಳವಾಡಿ ಒಳಗಿಡಿಸಿದರು. "ನೀ ನನ್ನ ಹುಡುಗಿ. ಅಂಜಬ್ಯಾಡ," ಎನ್ನುತ್ತಿದ್ದರು. ತಾಯಿಯಿಂದ ದೂರ ಬೆಳೆದವಳಿಗೆ ಇನ್ನೇನು ಬೇಕು?

ಅವಳ ವಿಷಯ, ಈ ಗಾಜಿನ ಕಟ್ಟಡಗಳನ್ನು ಕಟ್ಟಲು ರಾಯಚೂರು, ಯಾದಗಿರಿ ಕಡೆಯಿಂದ ಬಂದ ಹೆಂಗಸರ ಬದುಕು. ಒಂದೇ ಸೈಟಿನ ಮೂವತ್ತು ಹೆಂಗಸರನ್ನು ಮಾತಾಡಿಸಬೇಕಿತ್ತು. ಅವ್ವ ಇದ್ದ ಸೈಟನ್ನೇ ಆರಿಸಿಕೊಂಡಳು. ಆದರೆ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ. "ಮೇಸ್ತ್ರಿ ಕಡೇಲಿಂದ ಬಂದೀಯೇನಬೇ?" ಎಂದು ಕೇಳಿ ನಕ್ಕು ಎದ್ದುಹೋಗುತ್ತಿದ್ದರು. ಮೂರು ವಾರ ಹೀಗೇ ನಡೆಯಿತು. ಒಂದು ದಿನ ಊಟದ ಹೊತ್ತಿಗೆ, ಎಲ್ಲ ಹೆಂಗಸರೂ ನೋಡುತ್ತಿರುವಾಗ, ಹುಸೇನಮ್ಮ ಖಾಲಿ ಸಿಮೆಂಟಿನ ಚೀಲ ಹಾಸಿಕೊಂಡು ಮಗಳ ಮುಂದೆ ಕುಳಿತಳು.

"ಬಾರಬೇ ತಂಗಿ, ನಂದು ಬರ್ಕೋ. ನಂದೇನು ಕದ್ದ ಬದುಕೇನು?"

ಗದಿಗೆಮ್ಮ ಪ್ರಶ್ನೆಗಳ ಹಾಳೆ ತೆಗೆದಳು. ಹೆಸರು, ಊರು, ವಯಸ್ಸು ಕೇಳಿದಳು. ಎಲ್ಲವೂ ಗೊತ್ತಿದ್ದದ್ದನ್ನೇ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಮಕ್ಕಳೆಷ್ಟು ಮಂದಿ?"

"ಒಬ್ಬಾಕಿ ಮಗಳು."

"ಏನ್ ಮಾಡ್ತಾಳ?"

"ದೂರದಾಗ ಓದಾಕತ್ಯಾಳ. ಚಂದಾಗಿ ಅದಾಳ," ಎಂದಳು ಹುಸೇನಮ್ಮ, ಮಗಳ ಮುಖ ನೋಡುತ್ತಲೇ.

ಅವ್ವ ಹೇಳಿದ್ದನ್ನು ಹೇಳಿದ ಹಾಗೆ ಗದಿಗೆಮ್ಮ ಬರೆದುಕೊಂಡಳು. ಅದನ್ನು ನೋಡಿ ಉಳಿದವರಿಗೂ ಧೈರ್ಯ ಬಂದು, ತಿಂಗಳೊಳಗೆ ಮೂವತ್ತೂ ಜನ ಮಾತಾಡಿದರು. ಶೆಡ್ಡುಗಳ ಸಾಲಿನ ಪ್ರಕಾರ ಸಂಖ್ಯೆ ಕೊಟ್ಟಾಗ ಅವ್ವನಿಗೆ ಬಂದದ್ದು ಹದಿನೇಳು.

ಆ ಶನಿವಾರ ಅವಳು ವಹಿಯಲ್ಲಿ ಬರೆದದ್ದು ಮೂರೇ ಸಾಲು. "ಹದಿನೇಳನೆಯ ಹೆಂಗಸು ನನ್ನ ಅವ್ವ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅವಳ ಮುಂದೆ ಪರಕೀಯಳಂತೆ ಕುಳಿತು ಪ್ರಶ್ನೆ ಕೇಳಿದೆ." ಯಾರೂ ನಗಲಿಲ್ಲ. ಮೇಡಂ ಎದ್ದು ಬಂದು ಅವಳನ್ನು ತಬ್ಬಿಕೊಂಡರು.

"ಇದು ತಪ್ಪಲ್ಲವ್ವಾ, ಇದು ನಿನ್ನ ಥೀಸಿಸ್‌ನ ಜೀವ," ಎಂದರು.

"ಥೀಸಿಸ್‌ನ್ಯಾಗ ಬರೀಲೇನ್ರಿ ಮೇಡಂ?"

ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಬ್ಯಾಡ. ಹೊರಗಿನ ಪರೀಕ್ಷಕರಿಗೆ ಇಂಥವು ತಿಳಿಯಂಗಿಲ್ಲ, ಸುಮ್ಮನ ಕೆದರ್ತಾರ. ಹದಿನೇಳು ಹದಿನೇಳಾಗೇ ಇರ್ಲಿ." ಅಂಚಿನಲ್ಲಿ ಕೆಂಪು ಶಾಯಿಯಿಂದ "ಥೀಸಿಸ್‌ನಲ್ಲಿ ಹೇಳುವ ಅಗತ್ಯವಿಲ್ಲ" ಎಂದು ಬರೆದು ಸಹಿ ಮಾಡಿದರು.

ಗದಿಗೆಮ್ಮನ ಪಕ್ಕದಲ್ಲಿ ಕುಳಿತಿದ್ದವಳು ಸಂಯುಕ್ತಾ. ತುಮಕೂರಿನ ಕಡೆಯವರು. ಅವಳಪ್ಪ ಕುಷಾಯಿಗೂಡದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹಬ್ಬ ಬಂದರೆ ಗದಿಗೆಮ್ಮನನ್ನು ಬಿಡದೆ ಮನೆಗೆ ಕರೆದೊಯ್ದು ಉಣ್ಣಿಸುತ್ತಿದ್ದಳು. ಇಬ್ಬರೂ ಒಂದೇ ತಟ್ಟೆಯವರು ಎಂದು ವಿಭಾಗದಲ್ಲಿ ಆಡಿಕೊಳ್ಳುತ್ತಿದ್ದರು. ಅವತ್ತು ಅವಳು ವಹಿಯನ್ನು ಎಳೆದುಕೊಂಡಳು.

"ನಿನ್ನನ್ನ ನೋಡಿ ನನಗೂ ಧೈರ್ಯ ಬಂತು ಕಣೆ," ಎಂದು ಹಾಳೆ ತಿರುವಿ, ಗದಿಗೆಮ್ಮನ ಸಾಲುಗಳ ಹಿಂಬದಿಯಲ್ಲೇ ತನ್ನದನ್ನು ಬರೆದಳು. ಅವಳ ಕೆಲಸ ಬೇಗಂಪೇಟೆಯ ಕಾಲ್ ಸೆಂಟರಿನ ಹುಡುಗಿಯರ ಮೇಲೆ. ಒಂಬತ್ತು ಜನ ಸಿಗಲಿಲ್ಲ. ಆ ಒಂಬತ್ತು ಪ್ರಶ್ನೆಪತ್ರಿಕೆಗಳನ್ನು ತನ್ನ ಕೋಣೆಯಲ್ಲಿ ಕುಳಿತು ತಾನೇ ತುಂಬಿದ್ದಳು. ಮೇಡಂ ಅಂಚಿನಲ್ಲಿ "ಒಂಬತ್ತನ್ನೂ ತೆಗೆದು ಹೊಸದಾಗಿ ಮಾಡು" ಎಂದು ಬರೆದರು. ಅವಳು ಮಾಡಿದಳೋ ಬಿಟ್ಟಳೋ, ಆಮೇಲೆ ಯಾರೂ ಕೇಳಲಿಲ್ಲ. ಅವತ್ತಿನ ಗಿರ್ಮಿಟ್ ಮಾತ್ರ ಭಾರಿ ರುಚಿಯಾಗಿತ್ತು.

ಎರಡು ಸಾವಿರದ ಐದರಲ್ಲಿ ಇಬ್ಬರ ಥೀಸಿಸ್ಸೂ ಪರೀಕ್ಷಕರಿಗೆ ಹೋದವು. ಅದೇ ಹೊತ್ತಿಗೆ ವಿಭಾಗದಲ್ಲಿ ಒಂದು ಲೆಕ್ಚರರ್ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಿದರು. ಯಾರಿಗೆ ಸಿಕ್ಕರೂ ಮನೆ ಮಾಡಿ ಇನ್ನೊಬ್ಬಳನ್ನೂ ಜೊತೆಗಿರಿಸಿಕೊಳ್ಳಬೇಕು ಎಂದು ಮಾತಾಡಿಕೊಂಡು ನಕ್ಕರು. ಗದಿಗೆಮ್ಮನಿಗೆ ಆ ನೌಕರಿ ಸಿಕ್ಕಿದರೆ ಹುಸೇನಮ್ಮ ಕಾಂಕ್ರೀಟಿನ ಬುಟ್ಟಿ ಕೆಳಗಿಡಬಹುದಿತ್ತು. ಕ್ವಾರ್ಟರ್ಸ್ ಸಿಗುತ್ತಿತ್ತು. ಅವ್ವನನ್ನು ಹಗಲು ಹೊತ್ತಿನಲ್ಲಿ, ಎಲ್ಲರೆದುರು, ಇವಳು ನನ್ನ ಅವ್ವ ಎಂದು ಕರೆದುಕೊಂಡು ಬರಬಹುದಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಂದರ್ಶನದ ಕೋಣೆಯಲ್ಲಿ ಹೊರಗಿನಿಂದ ಬಂದ ತಜ್ಞರೊಬ್ಬರು ಅವಳ ಥೀಸಿಸ್‌ನ ಕೊನೆಯ ಪಟ್ಟಿಯನ್ನು ಒಂದು ಕೈಯಲ್ಲಿ, ಅರ್ಜಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರು. ಪಟ್ಟಿಯಲ್ಲಿ ಹದಿನೇಳು, ಹುಸೇನಮ್ಮ, ಇಂಥ ಊರು ಎಂದಿತ್ತು. ಅರ್ಜಿಯಲ್ಲಿ ತಾಯಿಯ ಹೆಸರು ಹುಸೇನಮ್ಮ, ಅದೇ ಊರು. ಐದು ವರ್ಷ ಮುಚ್ಚಿಟ್ಟದ್ದನ್ನು ಒಂದು ಫಾರ್ಮು ತುಂಬುವಾಗ ಸಲೀಸಾಗಿ ಬರೆದುಕೊಟ್ಟಿದ್ದಳು ಪುಣ್ಯಾತ್ಗಿತ್ತಿ.

"ಇವರು ನಿಮ್ಮ ತಾಯಿಯೇ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು ಸರ್."

"ನಿಮ್ಮ ಗೈಡ್‌ಗೆ ತಿಳಿದಿತ್ತೇ?"

"ತಿಳಿದಿತ್ತು ಸರ್. ಅವರನ್ನು ಕೇಳಿಯೇ ಹಾಗೆ ಬಿಟ್ಟದ್ದು."

ತಜ್ಞರು ಫೈಲಿನೊಳಗಿನ ಒಂದು ಕಾಗದವನ್ನು ಪಕ್ಕದವರಿಗೆ ತೋರಿಸಿದರು. ಅವರಿಬ್ಬರೂ ಮುಖ ನೋಡಿಕೊಂಡರು. ಇನ್ನು ಹೋಗಬಹುದು ಎಂದರು.

ಎರಡು ವಾರದ ಮೇಲೆ ಹುದ್ದೆ ಸಂಯುಕ್ತಾಳಿಗೆ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗದಿಗೆಮ್ಮ ನೊಂದುಕೊಂಡಳಾದರೂ, ಗೆಳತಿಗೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮರುದಿನ ಅವಳ ಹೆಸರಿಗೆ ಒಂದು ನೋಟಿಸು ಬಂತು. ಸಂಶೋಧನೆಯಲ್ಲಿ ವಿಷಯ ಮರೆಮಾಚಿದ್ದರ ಬಗ್ಗೆ ಮೂವರ ಸಮಿತಿ ವಿಚಾರಣೆ ನಡೆಸುತ್ತದೆ, ಆರೋಪ ನಿಜವಾದರೆ ಥೀಸಿಸ್ ರದ್ದಾಗುತ್ತದೆ ಎಂದಿತ್ತು. ಜೊತೆಗೆ ಗೈಡ್ ಬರೆದ ಪತ್ರದ ಪ್ರತಿ. "ಈ ಸಂಬಂಧವನ್ನು ಅಭ್ಯರ್ಥಿಯು ನನ್ನಿಂದಲೂ ಮುಚ್ಚಿಟ್ಟಿದ್ದಳು. ಈಗಷ್ಟೇ ತಿಳಿದು ನನಗೆ ಅತೀವ ನೋವಾಗಿದೆ." ಕೆಳಗೆ ಅದೇ ಸಹಿ. ಐದು ವರ್ಷ ಶನಿವಾರ ಶನಿವಾರ ಕೆಂಪು ಶಾಯಿಯಲ್ಲಿ ನೋಡಿದ ಸಹಿ, ಈಗ ನೀಲಿಯಲ್ಲಿತ್ತು.

ಅವಳು ನಾಲ್ಕು ಸಲ ಓದಿದಳು. ಅಳು ಬರಲಿಲ್ಲ. ಗಂಜಿ ಕಳಿಸಿದ ಕೈಯೇ ಇದನ್ನೂ ಬರೆಯಿತೇ ಎಂದು ನಂಬಲು ಒಂದು ಇಡೀ ಹಗಲು ಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಾಗ ಯಾರಿಗೆ ದೂರು ಕೊಡುವುದು?

ಮರುದಿನ ಲೋಕಲ್ ರೈಲು ಹಿಡಿದು ಸಿಕಂದರಾಬಾದಿಗೆ, ಅಲ್ಲಿಂದ ಬಸ್ಸಿನಲ್ಲಿ ಮಲ್ಕಾಜ್‌ಗಿರಿಗೆ ಹೋದಳು. ಮೇಡಂ ಬಾಗಿಲು ತೆರೆದವರೇ, ಬರುವುದು ಗೊತ್ತಿತ್ತೆನ್ನುವಂತೆ ಚಾಪೆ ಹಾಸಿದರು.

"ಮೊದಲ ಕುಂದ್ರು. ನೀರು ಕುಡಿ."

"ಯಾಕ ಹಿಂಗ ಬರದ್ರಿ ಮೇಡಂ?"

ಮೇಡಂ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದರು. ಸಂದರ್ಶನದ ಹಿಂದಿನ ದಿನ ತಜ್ಞರು ಫೋನು ಮಾಡಿ, ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದ್ದರಂತೆ. ಗೊತ್ತಿತ್ತು ಎಂದಿದ್ದರೆ ಗೈಡಿನ ಮೇಲೂ ವಿಚಾರಣೆ. ಅದೇ ವಾರ ಕಂಪ್ಯೂಟರ್ ಕಂಪನಿಯೊಂದು ವಿಶ್ವವಿದ್ಯಾಲಯಕ್ಕೆ ಹೊಸ ಕಟ್ಟಡ ಕಟ್ಟಿಕೊಡುವ ಒಪ್ಪಂದವಿತ್ತು. ಬಡ ಮನೆಗಳಿಂದ ಬಂದ ಸಂಶೋಧಕರಿಗೆ ಆಸರೆಯಾಗುವ ಕೇಂದ್ರ. ಅದರ ನಿರ್ದೇಶಕಿ ಕುಮುದಾ ಮೇಡಂ.

"ಆ ಕೇಂದ್ರ ಬಂದ್ರ ನಿನ್ನಂಥಾ ನೂರು ಹುಡುಗ್ಯಾರಿಗೆ ನೆರಳಾಕ್ಕೈತಿ. ನಿನ್ನ ಒಬ್ಬಾಕಿ ಸಲುವಾಗಿ ನೂರು ಮಂದೀದ ಕೆಡಸ್ಲೇನು? ನೀನ ಹೇಳು."

"ನನಗ ಹೇಳಿದ್ದು ನೀವ ಅಲ್ರಿ, ಬರೀಬ್ಯಾಡ ಅಂತ?"

"ಹೇಳೀನಿ, ಇಲ್ಲ ಅನ್ನಂಗಿಲ್ಲ. ಈಗ ಕೇಳು. ಹದಿನೇಳನೇದಾಕಿನ್ನ ತೆಗೆದು, ಇಪ್ಪತ್ತೊಂಬತ್ತು ಮಂದಿ ಮ್ಯಾಲ ಮತ್ತ ಬರದು ಕೊಡು. ಆರು ತಿಂಗಳ ಕೆಲಸ. ಸಮಿತಿಗೆ ನಾ ಹೇಳ್ತೀನಿ. ಮುಂದಿನ ನೌಕರಿ ನಿಂದ."

"ಅವ್ವನ್ನ ತೆಗೀಲೇನ್ರಿ?"

"ಅಂಕಿ ತೆಗಿ ಅಂದೆ, ಗದಿಗೆಮ್ಮ. ಎಲ್ಲಾದಕ್ಕೂ ಅವ್ವ ಅವ್ವ ಅನಬ್ಯಾಡ."

ಗದಿಗೆಮ್ಮನಿಗೆ ಸಿಟ್ಟು ನೆತ್ತಿಗೇರಿತು. "ವಹಿ ಕೊಡ್ರಿ," ಎಂದಳು.

ಕೊಡುವುದಿಲ್ಲ ಎನ್ನುತ್ತಾರೆಂದುಕೊಂಡಿದ್ದಳು. ಮೇಡಂ ಎದ್ದು ಕಪಾಟಿನಿಂದ ವಹಿ ತೆಗೆದು ಅವಳ ತೊಡೆಯ ಮೇಲೆ ಇಟ್ಟರು. "ತಗೋ. ಇದರಾಗ ಎಲ್ಲಾರ ತಪ್ಪೂ ಅದಾವ. ಬಸವರಾಜಂದು, ಸಂಯುಕ್ತಾಂದು, ನಂದೂ. ಒಯ್ದು ಮಂದಿಗೆ ತೋರ್ಸಾಕಿ ನೀ ಅಲ್ಲ. ನಾ ಬೆಳೆಸಿದ ಹುಡುಗಿ ನೀ, ನನಗ ಗೊತ್ತಿಲ್ಲೇನು?"

ಆ ಮಾತು ನಿಜವಾಗಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ತನ್ನ ಹಾಳೆಯೊಂದನ್ನೇ ಹರಿದುಕೊಂಡು ವಹಿಯನ್ನು ಚಾಪೆಯ ಮೇಲಿಟ್ಟಳು. ಮೇಡಂ ತಡೆಯಲಿಲ್ಲ. "ಹಿಂದ ಯಾರದೈತಿ ನೋಡ್ಕೊಂಡೀಯೇನು?" ಎಂದಷ್ಟೇ ಕೇಳಿದರು.

ಬಸ್ಸಿನಲ್ಲಿ ಕುಳಿತ ಮೇಲೆ ನೋಡಿಕೊಂಡಳು. ಒಂದು ಮಗ್ಗುಲಲ್ಲಿ ತನ್ನ ಅವ್ವ ಮತ್ತು ಮೇಡಂ ಅವರ ಕೆಂಪು ಶಾಯಿ. ಇನ್ನೊಂದು ಮಗ್ಗುಲಲ್ಲಿ ಸಂಯುಕ್ತಾಳ ಒಂಬತ್ತು ಪ್ರಶ್ನೆಪತ್ರಿಕೆಗಳು. ತನ್ನ ಮಾನ ಉಳಿಸುವ ಹಾಳೆಯೇ ಗೆಳತಿಯ ನೌಕರಿ ಕಳೆಯುವ ಹಾಳೆ. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಪರೀಕ್ಷೆಯಲ್ಲಿ ವಾಕ್ಯದಲ್ಲಿ ಬಳಸಿ ಅಂಕ ತೆಗೆದುಕೊಂಡಿದ್ದಳು. ಈಗ ಅರ್ಥ ತಿಳಿಯಿತು.

ಭಾನುವಾರ ಬಂಡೆಯ ಮೇಲೆ ಅವ್ವನಿಗೆ ಎಲ್ಲ ಹೇಳಿದಳು. ಹುಸೇನಮ್ಮ ರೊಟ್ಟಿ ಮುರಿಯುತ್ತ ಕೇಳಿದಳು.

"ನನ್ನ ಮಾತು ಸುಳ್ಳು ಅಂತಾರೇನು?"

"ಸುಳ್ಳು ಅನ್ನಂಗಿಲ್ಲಬೇ. ನೀ ನನ್ನವ್ವ ಅನ್ನೂದು ಬರೀಲಿಲ್ಲ, ಅದು ತಪ್ಪು ಅಂತಾರ."

"ಅದು ಖರೇವೇ ಬಿಡು," ಎಂದಳು ಹುಸೇನಮ್ಮ. "ನಾ ಎಲ್ಲಾ ಖರೇ ಹೇಳೀನಿ. ಮಗಳು ದೂರದಾಗ ಅದಾಳ ಅಂದದ್ದು ಒಂದ ಸುಳ್ಳು. ಅದೂ ಏನ್ ಅಂಥಾ ಸುಳ್ಳಲ್ಲ."

ಮಗಳು ತಲೆ ತಗ್ಗಿಸಿದಳು. ಹದಿನೇಳನ್ನು ಮಾತ್ರ ತೆಗೆಯುವುದಿಲ್ಲ ಎಂದು ಆ ಬಂಡೆಯ ಮೇಲೆ ಕುಳಿತೇ ನಿಶ್ಚಯಿಸಿದಳು. ಥೀಸಿಸ್ ಉಳಿದರೆ ಅವ್ವನ ಸಮೇತ ಉಳಿಯಬೇಕು. ಹಾಗೆ ಉಳಿಯಬೇಕೆಂದರೆ ಮೇಡಂ ಅವರಿಗೆ ತಿಳಿದಿತ್ತೆಂದು ಸಮಿತಿ ನಂಬಬೇಕು. ನಂಬಿಸಲು ಹಾಳೆಯೇ ಬೇಕೇ? ಅವತ್ತು ಅವಳು ಓದಿದ್ದನ್ನು ಕೇಳಿದ ನಾಲ್ಕು ಜನರಿದ್ದರಲ್ಲ.

ಮೊದಲು ಬಸವರಾಜನನ್ನು ಹಿಡಿದಳು. ಬೀದರಿನವನು, ಶನಿವಾರದ ಕೂಟದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವನು. "ನಂದು ವೈವಾ ಬರೋ ತಿಂಗಳ ಅದ. ಗೈಡ್ ಅವರೇ ಇದ್ದಾರಲ್ಲ ಅಕ್ಕಾ, ಸಮಜ್ ಮಾಡ್ಕೋರಿ," ಎಂದು ಕೈಮುಗಿದ. ಇನ್ನಿಬ್ಬರು ಫೋನನ್ನೇ ಎತ್ತಲಿಲ್ಲ. ಐದು ವರ್ಷ ಒಂದೇ ಪರಾತದಲ್ಲಿ ಗಿರ್ಮಿಟ್ ತಿಂದವರು.

ಉಳಿದವಳು ಸಂಯುಕ್ತಾ. ಕುಷಾಯಿಗೂಡದ ಮನೆಯಲ್ಲಿ ಅವಳಮ್ಮ ಎಂದಿನಂತೆ ಕಾಫಿ ಕೊಟ್ಟರು. ಕೋಣೆಯ ಬಾಗಿಲು ಹಾಕಿಕೊಂಡು ಗದಿಗೆಮ್ಮ ವಿಷಯ ಹೇಳಿದಳು. ಹಾಳೆ ತನ್ನ ಹತ್ತಿರವಿರುವುದನ್ನೂ ಹೇಳಿದಳು. ಸಂಯುಕ್ತಾಳ ಮುಖ ಬಿಳಿಚಿತು.

"ಹೆದರಬ್ಯಾಡ, ಅದನ್ನ ನಾ ತೋರ್ಸಂಗಿಲ್ಲ," ಎಂದಳು ಗದಿಗೆಮ್ಮ. "ನೀ ಬಂದು ಒಂದ ಮಾತು ಹೇಳು ಸಾಕು. ನಾ ಓದಿದ್ದೆ, ಮೇಡಂ ಕೇಳಿದ್ರು ಅಂತ. ನಿಂದೀಗ ನೌಕರಿ ಆಗೇತಿ, ನಿನಗ ಅವರ ಹಂಗಿಲ್ಲ."

"ಹೇಳ್ತೀನಿ ಕಣೆ. ಹೇಳದೆ ಇರ್ತೀನಾ? ನಮ್ಮಮ್ಮನ ಆಣೆ," ಎಂದು ಸಂಯುಕ್ತಾ ಅವಳ ಕೈ ಹಿಡಿದುಕೊಂಡು ಅತ್ತಳು. ಗದಿಗೆಮ್ಮನೂ ಅತ್ತಳು. ಪತ್ರ ಬಂದ ಮೇಲೆ ಅವಳಿಗೆ ಅಳು ಬಂದದ್ದು ಅದೇ ಮೊದಲು, ಅತ್ತು ಹಗುರಾದಳು.

ವಿಚಾರಣೆ ಹತ್ತು ದಿನದ ಮೇಲೆ, ಬೆಳಿಗ್ಗೆ ಹತ್ತೂವರೆಗೆ. ಸಮಿತಿಯ ಅಧ್ಯಕ್ಷರು ಆದೋನಿಯ ಕಡೆಯ ಹಿರಿಯ ಪ್ರೊಫೆಸರ್. ಆ ಗಡಿಯವರಿಗೆ ತೆಲುಗಿನಷ್ಟೇ ಕನ್ನಡವೂ ಬರುತ್ತದೆ. ಉಳಿದಿಬ್ಬರಿಗೆ ಬರುತ್ತಿರಲಿಲ್ಲ. ಕುಮುದಾ ಮೇಡಂ ಬರಲಿಲ್ಲ, ಲಿಖಿತ ಹೇಳಿಕೆ ಕಳಿಸಿದ್ದರು. ಶನಿವಾರದ ಐವರನ್ನೂ ಉದ್ದ ಮೇಜಿನ ಸುತ್ತ ಕೂರಿಸಿ, ಅಧ್ಯಕ್ಷರು ಒಬ್ಬೊಬ್ಬರನ್ನೇ ಕೇಳಿದರು. ಬಸವರಾಜ ನೆನಪಿಲ್ಲ ಎಂದ. ಇನ್ನಿಬ್ಬರೂ ನೆನಪಿಲ್ಲ ಎಂದರು. ಪಾಪ, ಪಿಎಚ್‌.ಡಿ. ಮಾಡುವವರ ಜ್ಞಾಪಕಶಕ್ತಿ. ಗದಿಗೆಮ್ಮ ಸಂಯುಕ್ತಾಳ ಕಡೆ ನೋಡಿದಳು.

ಸಂಯುಕ್ತಾ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದಳು. "ಇಲ್ಲ ಸರ್," ಎಂದಳು. "ನಮ್ಮ ಮುಂದೆ ಅವಳು ಯಾವತ್ತೂ ಹೇಳಿಲ್ಲ."

ನೆನಪಿಲ್ಲ ಎಂದಿದ್ದರೂ ಗದಿಗೆಮ್ಮ ನುಂಗಿಕೊಳ್ಳುತ್ತಿದ್ದಳೇನೋ. ಉಳಿದವರು ಮರೆವಿನ ಹಿಂದೆ ಅಡಗಿದರೆ ಇವಳು ಎದುರು ನಿಂತು ಹೊಡೆದಳು. ಯಾಕೆ ಎನ್ನುವುದೂ ಆ ಕ್ಷಣಕ್ಕೇ ತಿಳಿಯಿತು. ವಹಿಯ ಮಾತು ಎದ್ದರೆ ಅವಳ ಒಂಬತ್ತು ಪತ್ರಿಕೆಗಳೂ ಹೊರಬೀಳುತ್ತಿದ್ದವು. ಹಾಳೆ ತೋರಿಸುವುದಿಲ್ಲ ಎಂದು ತಾನೇ ಮಾತು ಕೊಟ್ಟಿದ್ದಳಲ್ಲ. ಆ ಮಾತನ್ನು ನಂಬಿಯೇ ಸಂಯುಕ್ತಾ ನಿಶ್ಚಿಂತೆಯಿಂದ ಸುಳ್ಳು ಹೇಳಿದ್ದಳು. ಮೇಡಂ ನಂಬಿದ್ದೂ ಅದನ್ನೇ. ಇಡೀ ಕೂಟವೇ ಗದಿಗೆಮ್ಮನ ಒಳ್ಳೆಯತನದ ಮೇಲೆ ಹಾಯಾಗಿ ಕುಳಿತಿತ್ತು.

ಅವಳು ಚೀಲಕ್ಕೆ ಕೈ ಹಾಕಿ ಹಾಳೆ ತೆಗೆದು ಅಧ್ಯಕ್ಷರ ಮುಂದಿಟ್ಟಳು.

"ಈ ಕಡೀದಷ್ಟ ಓದ್ರಿ ಸರ್," ಎಂದಳು.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮೂರು ಸಾಲನ್ನೂ ಓದಿದರು. ಕೆಂಪು ಶಾಯಿಯ ಸಾಲನ್ನು ಎರಡು ಸಲ ಓದಿದರು. ಸಹಿಯನ್ನು ಪತ್ರದ ಸಹಿಯ ಪಕ್ಕದಲ್ಲಿಟ್ಟು ಹೋಲಿಸಿದರು. ತಲೆಯಾಡಿಸಿದರು. ಆಮೇಲೆ, ಯಾವ ಕಾಗದವನ್ನು ಕೊಟ್ಟರೂ ಯಾರೇ ಆಗಲಿ ಮಾಡುವಂತೆ, ಅದನ್ನು ತಿರುವಿದರು.

ಸಂಯುಕ್ತಾ ಎದ್ದು ನಿಂತು ಮತ್ತೆ ಕುಳಿತಳು. ಅಧ್ಯಕ್ಷರು ಓದಿ ಮುಗಿಸಿ, ಪಕ್ಕದ ಇಬ್ಬರಿಗೂ ಮೆಲ್ಲಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದರು.

ಮುಂದಿನದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಗದಿಗೆಮ್ಮನ ಥೀಸಿಸ್ ಉಳಿಯಿತು. ಹದಿನೇಳನೆಯವಳು ತನ್ನ ತಾಯಿ ಎಂದು ಮುನ್ನುಡಿಯಲ್ಲಿ ಒಂದು ಪುಟ ಸೇರಿಸಬೇಕೆಂದರು, ಸೇರಿಸಿದಳು. ಸಂಯುಕ್ತಾಳ ನೇಮಕಾತಿಯನ್ನು ತಡೆಹಿಡಿದು ಆಮೇಲೆ ರದ್ದು ಮಾಡಿದರು. ಒಂಬತ್ತು ಪತ್ರಿಕೆಗಳೂ ಹಾಗೇ ಉಳಿದಿದ್ದವಂತೆ. ಆ ಹುದ್ದೆ ಗದಿಗೆಮ್ಮನಿಗೂ ಬರಲಿಲ್ಲ, ಎರಡು ವರ್ಷ ಖಾಲಿ ಬಿದ್ದಿತ್ತು. ಹುಸೇನಮ್ಮ ಆ ಎರಡು ವರ್ಷವೂ ಬುಟ್ಟಿ ಹೊತ್ತಳು. ಕುಮುದಾ ಮೇಡಂ ಅವರಿಂದ ವಿವರಣೆ ಕೇಳಿದರು, ಅವರು ಕೊಟ್ಟರು, ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಆಸರೆ ಕೇಂದ್ರದ ಉದ್ಘಾಟನೆಗೆ ಮಂತ್ರಿಗಳು ಬಂದಿದ್ದರು. ದೊಡ್ಡವರ ತಪ್ಪಿಗೆ ಪರಿಹಾರ ಬರೆಯುವವರು ಯಾರು?

ಆದರೆ ಅದೆಲ್ಲ ಆಮೇಲಿನದು. ಅವತ್ತು ವಿಚಾರಣೆ ಮುಗಿಸಿ ಹೊರಬಂದಾಗ ಬಸವರಾಜ ಮತ್ತು ಇನ್ನಿಬ್ಬರು ಲಗುಬಗೆಯಿಂದ ಮೆಟ್ಟಿಲಿಳಿದು ಹೋದರು. ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ಸಂಯುಕ್ತಾ ಗೋಡೆಗೆ ಒರಗಿ ನಿಂತಿದ್ದಳು. ಬೈಯುತ್ತಾಳೆಂದು ಗದಿಗೆಮ್ಮ ಕಾದಳು. ಬೈದರೆ ತಿರುಗಿ ಬೈಯಲು ಮಾತುಗಳು ಸಾಲುಗಟ್ಟಿ ನಿಂತಿದ್ದವು. ಅಮ್ಮನ ಆಣೆ ಇಟ್ಟು ತಪ್ಪಿದವಳು ನೀನು, ಸುಳ್ಳು ಹೇಳಿದವಳು ನೀನು, ಹದಿನೇಳನೆಯವಳು ನನ್ನವ್ವ ಎಂದು ಬಲ್ಲವಳೂ ನೀನು.

ಸಂಯುಕ್ತಾ ಬೈಯಲಿಲ್ಲ. ಕಣ್ಣೊರೆಸಿಕೊಂಡು, ನಿಜಕ್ಕೂ ಅರ್ಥವಾಗದೆ ಕೇಳುವವಳ ಹಾಗೆ ಕೇಳಿದಳು.

"ನಾನು ಮಾಡಿದ್ದು ತಪ್ಪೇ. ಆದರೆ ನೀನು ನಿನ್ನ ಕಡೆಯದಷ್ಟನ್ನೇ ಜೆರಾಕ್ಸ್ ಮಾಡಿಸಿಕೊಂಡು ಬರಬಹುದಿತ್ತಲ್ಲೇ?"

"ಹೊಳೀಲಿಲ್ಲ," ಎಂದಳು ಗದಿಗೆಮ್ಮ.

ಅದು ಸುಳ್ಳು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಅವಳು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಹಾಳೆಯನ್ನು ಕೈಗೆ ತೆಗೆದುಕೊಂಡು ಎರಡೂ ಮಗ್ಗುಲು ನೋಡಿ, "ಏಕ್ ಸೈಡ್ ಕೀ ದೋನೋ, ಅಕ್ಕಾ?" ಎಂದು ಕೇಳಿದ್ದ. ಎರಡೂ ಬೇಡ, ಒಂದೇ ಸೈಡ್ ಎನ್ನಲು ಬಾಯಿ ತೆರೆದವಳಿಗೆ, ಸಂಯುಕ್ತಾ ಮಾತಿಗೆ ತಪ್ಪಿದರೆ ಎಂಬ ಯೋಚನೆ ಬಂದಿತ್ತು. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ಏನೂ ಬೇಡವೆಂದು ಹಾಳೆಯನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡು, ಮಡಚದೆ ಚೀಲದಲ್ಲಿಟ್ಟುಕೊಂಡು, ಅವಳು ವಿಚಾರಣೆಗೆ ನಡೆದಿದ್ದಳು.